ಮಸೂರಕ್ಕೆ ಒರೆಗಲ್ಲು

ಛಾಯಾಗ್ರಹಣ ಸಾಮಗ್ರಿಗಳ ಮೇಳದಲ್ಲಿ ಕೆಟ್ಟ ಚಿತ್ರವೊಂದನ್ನು ತೆಗೆಯಬೇಕೆಂದರೆ ವಿಶೇಷ ಪ್ರಯತ್ನವೇ ಬೇಕು. ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಥ ಮೇಳ ನೆರೆದಾಗ, ಕಲಬುರಗಿಯ ಸೂಪರ್ ಮಾರ್ಕೆಟ್ ಮತ್ತು ಜಗತ್ ವೃತ್ತದ ಆಸುಪಾಸಿನ ಸ್ಟುಡಿಯೋದವರು ಗುಂಪುಗೂಡಿ ರಾತ್ರಿಯ ರೈಲು ಹತ್ತಿ, ಬೆಳಿಗ್ಗೆ ಇಳಿದು, ಮುಖ ತೊಳೆದದ್ದೇ ತಡ ಮೈದಾನದ ಬಾಗಿಲಲ್ಲಿ ಬಂದು ನಿಲ್ಲುವುದುಂಟು. ಒಳಗೆ ಕಂಪನಿಗೊಂದರಂತೆ ವೇದಿಕೆ; ವೇದಿಕೆಯ ಮೇಲೆ ಮದುಮಗಳ ಉಡುಗೆತೊಡುಗೆಯಲ್ಲಿ ಕುಳಿತ ರೂಪದರ್ಶಿ; ಆಕೆಯ ಮೊಗದ ಮೇಲೆ ಮೂರು ದಿಕ್ಕುಗಳಿಂದ ಹದವರಿತು ಬೀಳುವ ಎಲ್‌ಇಡಿ ದೀಪಗಳ ಬೆಳಕು; ಎದುರಿಗೆ ಉದ್ದನೆಯ ಮೇಜಿನ ಮೇಲೆ ತಂತಿಯಿಂದ ಬಿಗಿದಿಟ್ಟ ಹೊಸ ಕ್ಯಾಮರಾಗಳ ಸಾಲು. ಬಂದವರು ಒಬ್ಬೊಬ್ಬರಾಗಿ ಅವುಗಳನ್ನೆತ್ತಿ, ಕಣ್ಣಿಗೊತ್ತಿ, ಹತ್ತಾರು ಚಿತ್ರಗಳನ್ನು ತೆಗೆದು, ಹಿಂಬದಿಯ ಪುಟ್ಟ ಪರದೆಯಲ್ಲಿ ರೂಪದರ್ಶಿಯ ರೆಪ್ಪೆಗೂದಲುಗಳನ್ನು ಹಿಗ್ಗಿಸಿ ನೋಡಿ, ತಲೆದೂಗಿ ಮುಂದಿನ ಮಳಿಗೆಗೆ ನಡೆಯುತ್ತಾರೆ. ನನ್ನೊಡನೆ ಇದ್ದ ಕಲಬುರಗಿಯ ಸ್ಟುಡಿಯೋ ಮಾಲೀಕರೊಬ್ಬರು ಮಾತ್ರ ತಲೆದೂಗಲಿಲ್ಲ. "ಇಲ್ಲಿ ಎಲ್ಲಾನೂ ಚೆಂದೇ ಕಾಣ್ತದ್ರಿ ಸರ್. ನಮ್ಮ ಕಿಲ್ಲಾದಾಗಿನ ಮಸೀದಿ ಒಳಗ ಹಿಡ್ದು ನೋಡಿದ್ರ ಖರೇ ಏನದ ಗೊತ್ತಾಗ್ತದ" ಎಂದರು. ಮೂವತ್ತು ವರ್ಷ ಮದುವೆಮನೆಗಳ ಹೊಗೆಯಲ್ಲಿಯೂ ಕತ್ತಲಲ್ಲಿಯೂ ದುಡಿದ ಆ ಕಣ್ಣು ಹೇಳಿದ ಈ ಮಾತಿನಲ್ಲಿ ದ್ಯುತಿವಿಜ್ಞಾನದ ಅರ್ಧ ಪಾಠವೇ ಅಡಗಿದೆ. ಅದನ್ನು ಬಿಡಿಸಿ ನೋಡುವುದು ಈ ಅಧ್ಯಾಯದ ಉದ್ದೇಶ.

ಮೊದಲು ಮೇಳದ ಬೆಳಕನ್ನೇ ವಿಚಾರಿಸೋಣ. ಬೆಳಕು ಧಾರಾಳವಾಗಿ ಇರುವಲ್ಲಿ ಮಸೂರದ ದ್ವಾರವನ್ನು ಕಿರಿದುಗೊಳಿಸಬಹುದು. ದ್ವಾರ ಕಿರಿದಾದಾಗ ಕಿರಣಗಳು ಮಸೂರದ ನಟ್ಟನಡುವಿನ ಭಾಗದಿಂದಷ್ಟೇ ಹಾಯುವವು. ಮತ್ತು ನಡುಭಾಗವು ಎಂಥ ಅಗ್ಗದ ಮಸೂರದಲ್ಲಿಯೂ ಸಾಮಾನ್ಯವಾಗಿ ಸುಶೀಲವಾಗಿಯೇ ಇರುತ್ತದೆ. ರೂಪದರ್ಶಿಯ ಮುಖ ಚಿತ್ರದ ಮಧ್ಯದಲ್ಲಿ ಬರುವುದರಿಂದ ಅಂಚುಗಳಲ್ಲಿ ಏನಾಗಿದೆಯೆಂದು ನೋಡುವವರಿಲ್ಲ. ಆಕೆಯ ಹಿಂದಿನ ತೆರೆ ನುಣುಪಾದ ಒಂದೇ ಬಣ್ಣದ್ದಾದುದರಿಂದ ಅಲ್ಲಿ ಬಾಗುವುದಕ್ಕೆ ರೇಖೆಯೂ ಇಲ್ಲ, ಕೆಡುವುದಕ್ಕೆ ವಿವರವೂ ಇಲ್ಲ. ಇನ್ನು ಆ ಹಿಂಬದಿಯ ಪರದೆಯ ಮಾತು. 21 ಲಕ್ಷ ಬಿಂದುಗಳ ಪರದೆಯೆಂದು ಮಾರುವವರು ಹೇಳುವಾಗ, ಒಂದೊಂದು ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬಿಂದುಗಳನ್ನು ಲೆಕ್ಕಹಾಕಿರುತ್ತಾರೆ. ಆದ್ದರಿಂದ ನಿಜವಾದ ಪಿಕ್ಸೆಲ್ಲುಗಳು 7 ಲಕ್ಷ. ಕ್ಯಾಮರಾದ ಒಳಗಿನ ಸೆನ್ಸರು 4.5 ಕೋಟಿ ಪಿಕ್ಸೆಲ್ಲಿನದಾದರೆ, ನಾವು ಪರದೆಯಲ್ಲಿ ಇಡೀ ಚಿತ್ರವನ್ನು ನೋಡುವಾಗ ಅದರ ಅರವತ್ತನೆಯ ಒಂದು ಭಾಗದಷ್ಟು ಸಂಗತಿಯನ್ನು ಮಾತ್ರ ನೋಡಿ ತೃಪ್ತರಾಗುತ್ತೇವೆ. ಆ ದೀಪಗಳೂ ಪೂರ್ಣ ನಂಬಿಕೆಗೆ ಯೋಗ್ಯವಲ್ಲ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾದುದರಿಂದ ಕೆಳದರ್ಜೆಯ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸೆನ್ಸರನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದಕ್ಕೆ ಸೆಕೆಂಡಿನ ಮೂವತ್ತನೆಯ ಒಂದು ಭಾಗ ಹಿಡಿಯುವ ಕ್ಯಾಮರಾ, ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ, ಅಂಥ ಬೆಳಕಿನ ಕೆಳಗೆ ತೆಗೆದ ಚಿತ್ರದಲ್ಲಿ ಮೂರು-ನಾಲ್ಕು ಅಡ್ಡಪಟ್ಟಿಗಳು ಮೂಡುವುದುಂಟು. ಮೇಳದಲ್ಲಿ ಇದು ಕಾಣದು, ಏಕೆಂದರೆ ಅಲ್ಲಿಯ ದೀಪಗಳು ದುಬಾರಿಯವು. ಕಲ್ಯಾಣಮಂಟಪದಲ್ಲಿ ಕಾಣುವುದು.

ಒಂದೇ ಒಂದು ಗಾಜು ಸಾಕಾಗುವಲ್ಲಿ ಹದಿನೈದು ಹದಿನಾರು ಗಾಜುಗಳನ್ನು ಒಂದು ಕೊಳವೆಯೊಳಗೆ ಪೋಣಿಸಿ ಲಕ್ಷಗಟ್ಟಲೆ ರೂಪಾಯಿಗೆ ಮಾರುವುದೇಕೆಂದು ಸಾಮಾನ್ಯನು ಕೇಳಿದರೆ ಆ ಪ್ರಶ್ನೆಯಲ್ಲಿ ತಪ್ಪಿಲ್ಲ. ಬಿಂಬ ಮೂಡಿಸುವುದಕ್ಕೆ ಗಾಜೇ ಬೇಕಿಲ್ಲ. ಹಂಪೆಯ ವಿರೂಪಾಕ್ಷ ದೇವಾಲಯದ ಒಳಗೋಡೆಯ ಮೇಲೆ ಗೋಪುರದ ತಲೆಕೆಳಗಾದ ನೆರಳನ್ನು ಮೂಡಿಸುವುದು ಗೋಡೆಯಲ್ಲಿರುವ ಒಂದು ಸಣ್ಣ ಕಿಂಡಿ ಮಾತ್ರ. ಆದರೆ ಕಿಂಡಿಯ ಬಿಂಬ ಬಲು ಮಂದ. ಹೆಚ್ಚು ಬೆಳಕು ಬೇಕೆಂದು ಕಿಂಡಿಯನ್ನು ಅಗಲಿಸಿದರೆ ಬಿಂಬ ಮಸುಳುತ್ತದೆ. ಮಸುಳದಂತೆ ಕಿರಣಗಳನ್ನು ಕೂಡಿಸುವುದಕ್ಕೆ ಅಲ್ಲಿ ಗಾಜನ್ನಿಡಬೇಕು. ಗಾಜನ್ನಿಟ್ಟ ಕ್ಷಣದಿಂದ ಗಾಜಿನ ದೋಷಗಳೆಲ್ಲ ನಮ್ಮ ಪಾಲಿಗೆ ಬರುತ್ತವೆ. ಗೋಳದ ಮೇಲ್ಮೈಯುಳ್ಳ ಮಸೂರದ ಅಂಚಿನಿಂದ ಬಂದ ಕಿರಣವೂ ನಡುವಿನಿಂದ ಬಂದ ಕಿರಣವೂ ಒಂದೇ ಬಿಂದುವಿನಲ್ಲಿ ಸೇರಲಾರವು. ಕೆಂಪು ಬೆಳಕು ನೀಲಿಗಿಂತ ಕಡಿಮೆ ಬಾಗುವುದರಿಂದ ಎರಡೂ ಒಂದೇ ದೂರದಲ್ಲಿ ಕೂಡಲಾರವು. ಲಂಡನ್ನಿನ ಜಾನ್ ಡಾಲಂಡನು 1758ರಲ್ಲಿ ಎರಡು ಜಾತಿಯ ಗಾಜುಗಳನ್ನು ಜೋಡಿಸಿ ಒಂದರ ವರ್ಣದೋಷವನ್ನು ಮತ್ತೊಂದರಿಂದ ಕಳೆಯುವ ಮಸೂರಕ್ಕೆ ಹಕ್ಕುಪತ್ರ ಪಡೆದನು. ದಾಗೇರನು ತನ್ನ ಛಾಯಾಗ್ರಹಣ ವಿಧಾನವನ್ನು ಲೋಕಕ್ಕೆ ಪ್ರಕಟಿಸಿದ 1839ರಲ್ಲಿ ಬಳಕೆಯಲ್ಲಿದ್ದ ಮಸೂರಗಳು ಎಷ್ಟು ಮಂದವಾಗಿದ್ದವೆಂದರೆ, ಮನುಷ್ಯರನ್ನು ಬಿಸಿಲಿನಲ್ಲಿ ನಿಮಿಷಗಟ್ಟಲೆ ಅಲುಗದೆ ಕೂಡಿಸಬೇಕಾಗುತ್ತಿತ್ತು. ಮರುವರ್ಷವೇ ವಿಯೆನ್ನದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲನು, ಗಾಜಿನ ನಾಲ್ಕು ಘಟಕಗಳನ್ನು ಲೆಕ್ಕಾಚಾರದಿಂದಲೇ ಹೊಂದಿಸಿ, ಹದಿನೈದು ಇಪ್ಪತ್ತು ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುವ ಭಾವಚಿತ್ರದ ಮಸೂರವನ್ನು ರೂಪಿಸಿದನು. ಕಿರಣ ಕಿರಣವನ್ನೂ ಗಾಜಿನ ಮೂಲಕ ಗಣಿಸುತ್ತ ಹೋಗುವ ಆ ಬೇಸರದ ಕೆಲಸಕ್ಕೆ ಆಸ್ಟ್ರಿಯದ ಫಿರಂಗಿದಳದಿಂದ, ಗುಂಡಿನ ಪಥವನ್ನು ಲೆಕ್ಕಹಾಕಿ ಪಳಗಿದ್ದ ಸೈನಿಕರನ್ನು ಅವನಿಗೆ ಒದಗಿಸಲಾಗಿತ್ತು. ಕಲಬುರಗಿಯ ಕೋಟೆಯ ಮೇಲೆ ಇಪ್ಪತ್ತೊಂಬತ್ತು ಅಡಿಯ ಫಿರಂಗಿಯನ್ನು ನೋಡಲು ಹತ್ತುವಾಗಲೆಲ್ಲ, ಫಿರಂಗಿಯವರು ಲೋಕಕ್ಕೆ ಮಾಡಿದ ಉಪಕಾರಗಳ ಕಿರಿದಾದ ಪಟ್ಟಿಯಲ್ಲಿ ಇದೊಂದನ್ನಾದರೂ ಸೇರಿಸಬೇಕೆಂದು ನನಗೆ ತೋರುತ್ತದೆ.

ಗಾಜುಗಳು ಹೆಚ್ಚಿದಂತೆ ಮತ್ತೊಂದು ಸಂಕಟ ತಲೆಯೆತ್ತಿತು. ಗಾಳಿಯಿಂದ ಗಾಜಿಗೋ ಗಾಜಿನಿಂದ ಗಾಳಿಗೋ ಬೆಳಕು ದಾಟುವಾಗಲೆಲ್ಲ ಶೇಕಡ 4ರಷ್ಟು ಹಿಂದಕ್ಕೆ ಪ್ರತಿಫಲಿಸುತ್ತದೆ. ಹದಿನಾರು ಬಿಡಿ ಗಾಜುಗಳಿಗೆ ಮೂವತ್ತೆರಡು ಮೇಲ್ಮೈಗಳು. ಪ್ರತಿಯೊಂದರಲ್ಲೂ 4 ಭಾಗ ಕಳೆದರೆ ಕೊನೆಗೆ ಸೆನ್ಸರಿಗೆ ತಲಪುವುದು ಶೇಕಡ 27 ಮಾತ್ರ. ಕಳೆದುಹೋದುದು ಸುಮ್ಮನೆ ಕಳೆದುಹೋಗುವುದೂ ಇಲ್ಲ. ಒಳಗೊಳಗೇ ಗಾಜಿನಿಂದ ಗಾಜಿಗೆ ಪುಟಿದಾಡಿ, ಚಿತ್ರದ ಕಪ್ಪುಭಾಗಗಳ ಮೇಲೆ ಬೂದಿಯ ಬಣ್ಣದ ತೆರೆಯನ್ನು ಹಾಸುತ್ತದೆ. 1935ರಲ್ಲಿ ಜರ್ಮನಿಯ ತ್ಸೈಸ್ ಕಾರ್ಖಾನೆಯ ಅಲೆಕ್ಸಾಂಡರ್ ಸ್ಮಾಕುಲನು, ಬೆಳಕಿನ ಅಲೆಯುದ್ದದ ಕಾಲುಭಾಗದಷ್ಟು ತೆಳುವಾದ ಲೇಪವನ್ನು ಗಾಜಿನ ಮೇಲೆ ಕೂಡಿಸಿ, ಲೇಪದ ಮೇಲ್ಮೈಯಿಂದಲೂ ತಳದಿಂದಲೂ ಹಿಂದಿರುಗುವ ಎರಡು ಅಲೆಗಳು ಒಂದನ್ನೊಂದು ಅಳಿಸಿಹಾಕುವಂತೆ ಮಾಡಿದನು. ಆ ಲೇಪದ ದಪ್ಪ ಮಿಲಿಮೀಟರಿನ ಹತ್ತುಸಾವಿರದ ಒಂದು ಭಾಗ. ಇಂದಿನ ಬಹುಪದರದ ಲೇಪಗಳಿಂದ ಪ್ರತಿ ಮೇಲ್ಮೈಯ ನಷ್ಟ ಶೇಕಡ 0.2ಕ್ಕೆ ಇಳಿದರೆ, ಅದೇ ಹದಿನಾರು ಗಾಜುಗಳ ಮೂಲಕ ಶೇಕಡ 93ಕ್ಕೂ ಹೆಚ್ಚು ಬೆಳಕು ದಾಟುವುದು. ಮೇಳದ ಮೇಜಿನ ಮೇಲೆ ಮಸೂರವನ್ನು ಓರೆಯಾಗಿ ಹಿಡಿದಾಗ ಹಸಿರಾಗಿಯೋ ನೇರಳೆಯಾಗಿಯೋ ಮಿನುಗುವುದು ಈ ಲೇಪವೇ.

ಇಷ್ಟು ಹಿನ್ನೆಲೆಯೊಡನೆ ನಾವು ಕಲಬುರಗಿಯ ಕೋಟೆಯೊಳಕ್ಕೆ ಪ್ರವೇಶಿಸಬಹುದು. ಮೇಳದಲ್ಲಿ ಕಂಡ ಅಗಲಗೋನದ ಹೊಸ ಮಸೂರವೊಂದನ್ನು ನನ್ನ ಗೆಳೆಯರು ದಿನಬಾಡಿಗೆಗೆ ತರಿಸಿಕೊಂಡಿದ್ದರು. ಕೊಳ್ಳುವ ಮುನ್ನ ಬಾಡಿಗೆಗೆ ತಂದು ನೋಡುವುದು ಅವರ ಪದ್ಧತಿ. ಬಹಮನಿ ಸುಲ್ತಾನರ ಕಾಲದಲ್ಲಿ, 1367ರಲ್ಲಿ, ಕಜ್ವೀನ್ ಮೂಲದ ರಫಿಯೆಂಬಾತ ಕಟ್ಟಿದನೆಂದು ಶಾಸನ ಹೇಳುವ ಇಲ್ಲಿಯ ಜಾಮಿ ಮಸೀದಿಗೆ, ಹಿಂದೂಸ್ಥಾನದ ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾಗಿ ಕಾಣಬರುವ ತೆರೆದ ಅಂಗಳವಿಲ್ಲ. ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ಆ ಸಮಸ್ತ ಜಾಗವೂ ಗುಮ್ಮಟಗಳಿಂದಲೂ ಕಮಾನಿನ ಛಾವಣಿಯಿಂದಲೂ ಮುಚ್ಚಿಹೋಗಿದೆ. ಪಕ್ಕದ ಓಣಿಗಳಲ್ಲಿ ನಿಂತು ನೋಡಿದರೆ, ಗಿಡ್ಡ ಕಂಬಗಳ ಮೇಲಿಂದ ಹೊರಟು ಬಹು ವಿಶಾಲವಾಗಿ ಬಾಗಿದ ಬಿಳಿಯ ಕಮಾನುಗಳು, ಒಂದರ ಹಿಂದೊಂದು, ಕಣ್ಣಳತೆ ಮುಗಿಯುವವರೆಗೂ ಹಿಂದೆ ಸರಿಯುತ್ತ ಹೋಗುತ್ತವೆ. ಬೆಳಕೆಲ್ಲ ಪಕ್ಕದ ಕಮಾನುಗಳಿಂದ ಬರತಕ್ಕದ್ದು. ಮಸೂರದ ಪರೀಕ್ಷೆಗಾಗಿಯೇ ಯಾರಾದರೂ ಪ್ರಯೋಗಶಾಲೆಯೊಂದನ್ನು ಕಟ್ಟಹೊರಟರೆ ಇದಕ್ಕಿಂತ ಕಠಿನವಾದುದನ್ನು ಕಟ್ಟಲಾರರು.

ಕಮಾನಿನ ಬಾಗು ಎಷ್ಟಿರಬೇಕೆಂಬುದನ್ನು ಶಿಲ್ಪಿ ನಿಶ್ಚಯಿಸಿದ್ದಾನೆ; ಅದಕ್ಕೆ ತನ್ನದೊಂದು ಬಾಗನ್ನು ಸೇರಿಸುವ ಅಧಿಕಾರ ಮಸೂರಕ್ಕಿಲ್ಲ. ಆದರೆ ಅಗಲಗೋನದ ಮಸೂರಗಳಲ್ಲಿ ಬಹುಮಟ್ಟಿನವು ಸೇರಿಸಿಯೇ ಸೇರಿಸುತ್ತವೆ. ಕಂಬದ ನೆಟ್ಟನೆಯ ಅಂಚು ಚಿತ್ರದ ನಡುವಿನಲ್ಲಿ ನೇರವಾಗಿದ್ದು ಬದಿಗೆ ಸರಿದಂತೆಲ್ಲ ಪೀಪಾಯಿಯ ಹೊಟ್ಟೆಯಂತೆ ಹೊರಕ್ಕೆ ಉಬ್ಬುವುದು ಈ ವಿರೂಪದ ಸಾಮಾನ್ಯ ಲಕ್ಷಣ. ಅಂದು ನಮ್ಮ ಕ್ಯಾಮರಾದ ಕಿಂಡಿಯಲ್ಲಿ ನೋಡಿದಾಗ ಎಲ್ಲ ಕಂಬಗಳೂ ದಾರ ಹಿಡಿದಂತೆ ನೇರವಾಗಿದ್ದವು. ಸ್ಟುಡಿಯೋಕ್ಕೆ ಮರಳಿ, ಅದೇ ಚಿತ್ರದ ಸಂಸ್ಕರಿಸದ ಕಚ್ಚಾ ಕಡತವನ್ನು, ತಿದ್ದುಪಡಿ ಮಾಡದ ತಂತ್ರಾಂಶವೊಂದರಲ್ಲಿ ತೆರೆದಾಗ, ಬದಿಯ ಕಂಬಗಳು ಬಿಲ್ಲಿನ ಹಾಗೆ ಬಾಗಿ ನಿಂತಿದ್ದವು. ನಾಲ್ಕು ಮೂಲೆಗಳೂ ಕಪ್ಪುಗಟ್ಟಿದ್ದವು. ಇದರಲ್ಲಿ ಮೋಸವೇನೂ ಇಲ್ಲ, ಇಂದಿನ ವಿನ್ಯಾಸದ ಒಂದು ನೀತಿಯಷ್ಟೇ: ನೇರಗೆರೆಯನ್ನು ನೇರವಾಗಿ ಉಳಿಸುವುದಕ್ಕೆ ಎರಡು ಮೂರು ಗಾಜುಗಳನ್ನು ಹೆಚ್ಚಿಗೆ ಹಾಕುವ ಬದಲು, ಆ ಕೆಲಸವನ್ನು ಕ್ಯಾಮರಾದ ಗಣಕಕ್ಕೆ ಒಪ್ಪಿಸಿ, ಮಸೂರವನ್ನು ಹಗುರವೂ ಅಗ್ಗವೂ ಮಾಡುವುದು. ಗಣಕವು ಬಾಗಿದುದನ್ನು ಎಳೆದು ನೇರಮಾಡುವಾಗ ಮೂಲೆಯ ಪಿಕ್ಸೆಲ್ಲುಗಳು ಹಿಗ್ಗುತ್ತವೆ. ಹಿಗ್ಗಿದಲ್ಲಿ ವಿವರ ತೆಳ್ಳಗಾಗುತ್ತದೆ. ಕಪ್ಪಾದ ಮೂಲೆಯನ್ನು ಬೆಳಗಿಸುವಾಗ ಅಲ್ಲಿಯ ಕಾಳುಕಾಳಾದ ಗದ್ದಲವೂ ಬೆಳಗುತ್ತದೆ. ಇದಕ್ಕೆ ಒಪ್ಪಿ ಕೊಳ್ಳುವುದು ಬೇರೆ, ಅರಿಯದೆ ಕೊಳ್ಳುವುದು ಬೇರೆ. ಮದುವೆಯ ಚಿತ್ರ ತೆಗೆಯುವವನಿಗೆ ಇದು ಲಕ್ಷಿಸಬೇಕಾದ ದೋಷವೇ ಅಲ್ಲವೆಂಬುದು ನನ್ನ ಮತ. ಕಟ್ಟಡಗಳ ಚಿತ್ರ ತೆಗೆಯುವವನಿಗೆ ಅಲಕ್ಷಿಸಲಾಗದ ದೋಷ.

ಇನ್ನು ಬೆಳಕು. ಹೊರಗಿನ ಮಧ್ಯಾಹ್ನದ ಬಿಸಿಲು ಹೆಚ್ಚುಕಡಿಮೆ ಒಂದು ಲಕ್ಷ ಲಕ್ಸ್. ಒಳ ಓಣಿಯ ಆಳದಲ್ಲಿ ನಾವು ದ್ವಾರವನ್ನು ಎಫ್ 2.8ಕ್ಕೆ ತೆರೆದು, ಬೆಳಕಿಗೆ ಸೆನ್ಸರಿನ ಸಂವೇದನೆಯನ್ನು ಸೂಚಿಸುವ ಐಎಸ್ಒ ಸಂಖ್ಯೆಯನ್ನು 1600ಕ್ಕೆ ಏರಿಸಿ, ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು ಹೊತ್ತು ತೆರೆದಿಟ್ಟಾಗ ಮಾತ್ರ ಗಾರೆಯ ವಿವರ ಕಾಣಿಸಿತು. ಲೆಕ್ಕ ಹಾಕಿದರೆ ಎರಡಕ್ಕೂ ನಡುವೆ ಸುಮಾರು ಎರಡು ಸಾವಿರ ಪಟ್ಟಿನ, ಎಂದರೆ ಹನ್ನೊಂದು ಸ್ಟಾಪುಗಳ, ಅಂತರ. ಸ್ಟಾಪೆಂದರೆ ಛಾಯಾಗ್ರಾಹಕರ ಭಾಷೆಯಲ್ಲಿ ಬೆಳಕಿನ ಒಂದು ದ್ವಿಗುಣ. ಇಂದಿನ ಒಳ್ಳೆಯ ಸೆನ್ಸರುಗಳು ಹದಿಮೂರು ಹದಿನಾಲ್ಕು ಸ್ಟಾಪುಗಳನ್ನು ಒಂದೇ ಚಿತ್ರದಲ್ಲಿ ಹಿಡಿಯಬಲ್ಲವೆಂದು ಮೇಳದ ಕರಪತ್ರಗಳು ಸಾರುತ್ತವೆ. ಆ ಸಂಖ್ಯೆ ಸುಳ್ಳಲ್ಲ, ಆದರೆ ಅದು ಐಎಸ್ಒ 100ರ ಸಂಖ್ಯೆ. ಐಎಸ್ಒ ಒಂದೊಂದು ಸಲ ಇಮ್ಮಡಿಯಾದಾಗಲೂ ಸುಮಾರು ಒಂದೊಂದು ಸ್ಟಾಪು ಕೈಬಿಟ್ಟು ಹೋಗುವುದರಿಂದ, 1600ಕ್ಕೆ ಬರುವಷ್ಟರಲ್ಲಿ ನಾಲ್ಕು ಸ್ಟಾಪುಗಳು ಕರಗಿ, ಕಮಾನಿನಾಚೆಯ ಆಕಾಶ ಬರಿಯ ಬಿಳಿಯ ಹಾಳೆಯಾಗುವುದು. ಐಎಸ್ಒ 100ರಲ್ಲಿಯೇ ತೆಗೆಯೋಣವೆಂದರೆ ಅರ್ಧ ಸೆಕೆಂಡು ಕೈ ಅಲುಗದಿರಬೇಕು. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಮುಕ್ಕಾಲಿಯನ್ನು ಊರುವುದಕ್ಕೆ ಮುಂಗಡ ಅನುಮತಿ ಬೇಕಾದುದರಿಂದ, ಸೆನ್ಸರನ್ನೇ ಕಾಂತಗಳ ನಡುವೆ ತೇಲಿಸಿ ಕೈನಡುಕಕ್ಕೆ ಪ್ರತಿಯಾಗಿ ಚಲಿಸುವಂತೆ ಮಾಡುವ ಹೊಸ ಕ್ಯಾಮರಾಗಳ ಸ್ಥಿರೀಕರಣವು ಇಲ್ಲಿ ಕೇವಲ ಅಲಂಕಾರವಲ್ಲ. ಗೆಳೆಯರು ಕಂಬಕ್ಕೆ ಭುಜವೊತ್ತಿ, ಉಸಿರು ಹಿಡಿದು, ಅರ್ಧ ಸೆಕೆಂಡಿನ ಚಿತ್ರಗಳನ್ನು ತೆಗೆದರು. ಅವುಗಳಲ್ಲಿ ಗಾರೆಯ ಬಿರುಕು ಕೂಡ ಸ್ಪಷ್ಟವಾಗಿ ಬಂದವು ಹಲವಿದ್ದವು. ಹಳೆಯ ಕ್ಯಾಮರಾದಲ್ಲಿ ಒಂದೂ ಬರುತ್ತಿರಲಿಲ್ಲವೆಂದು ಅವರೇ ಒಪ್ಪಿದರು.

ಆದರೂ ಸೆನ್ಸರು ಹದಿನಾಲ್ಕು ಸ್ಟಾಪು ಹಿಡಿಯಬಲ್ಲುದೆಂದ ಮಾತ್ರಕ್ಕೆ ಮಸೂರ ಅದನ್ನು ತಂದು ಕೊಡಬಲ್ಲುದೆಂದು ಅರ್ಥವಲ್ಲ. ಮೇಲೆ ಹೇಳಿದ ಪ್ರತಿಫಲನವನ್ನು ಓದುಗರು ನೆನೆಯಬೇಕು. ಹೊರಗಿನ ಬಿಸಿಲಿನ ತುಣುಕೊಂದು ಚಿತ್ರದ ಅಂಚಿನಲ್ಲಿ ಇದ್ದರೆ ಸಾಕು, ಅದರ ಸಾವಿರದ ಒಂದು ಪಾಲು ಗಾಜುಗಳ ನಡುವೆ ಚದುರಿದರೂ, ಬಿಸಿಲಿನ ಎರಡು ಸಾವಿರದ ಒಂದು ಪಾಲಷ್ಟೇ ಇರುವ ಒಳಗಿನ ಕತ್ತಲನ್ನು ಮುಚ್ಚಿಹಾಕುವುದಕ್ಕೆ ಅದು ಯಥೇಷ್ಟ. ಬಾಡಿಗೆಯ ಮಸೂರದಲ್ಲಿ ಮೂರನೆಯ ಕಮಾನಿನ ನೆರಳಿನೊಳಗೆ ಹಸಿರು ಬಣ್ಣದ ಒಂದು ಅಂಡಾಕಾರದ ಭೂತಬಿಂಬ ಮೂಡಿತ್ತು. ಕ್ಯಾಮರಾವನ್ನು ಒಂದಿಷ್ಟು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಓಡುತ್ತಿತ್ತು. ಮೇಳದ ವೇದಿಕೆಯಲ್ಲಿ ದೀಪಗಳು ಎಂದೂ ಮಸೂರದ ಕಣ್ಣಿಗೆ ನೇರವಾಗಿ ಬೀಳದಂತೆ ಜೋಡಿಸಿರುತ್ತಾರಾಗಿ ಈ ಭೂತಕ್ಕೆ ಅಲ್ಲಿ ಪ್ರವೇಶವಿಲ್ಲ.

ಈ ಭಾಗವೆಲ್ಲ ನಿಜಾಮನ ರಾಜ್ಯವಾಗಿದ್ದ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಹೈದರಾಬಾದಿನ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನದಯಾಳರು ಇದೇ ಗುಲ್ಬರ್ಗಾದ ಕಟ್ಟಡಗಳ ಚಿತ್ರಗಳನ್ನು ಗಾಜಿನ ಫಲಕಗಳ ಮೇಲೆ ತೆಗೆದರು. ಲೇಪವೆಂಬುದನ್ನು ಕಾಣದ, ನಾಲ್ಕಾರು ಗಾಜುಗಳಷ್ಟೇ ಇದ್ದ ಆ ಕಾಲದ ಮಸೂರಗಳಿಗೆ, ಗಾಜು ಕಡಿಮೆಯಿದ್ದುದೇ ಒಂದು ರಕ್ಷೆಯಾಗಿತ್ತು. ಮೇಲ್ಮೈಗಳು ಎಂಟೇ ಇದ್ದರೆ, ಲೇಪವಿಲ್ಲದೆಯೂ ಶೇಕಡ 72ರಷ್ಟು ಬೆಳಕು ದಾಟುವುದು. ಮುಕ್ಕಾಲಿಯೂ ಇತ್ತು, ಕಾಯುವುದಕ್ಕೆ ಕಾಲವೂ ಇತ್ತು.

ಕಮಲಾಪುರವೆಂದೊಡನೆ ಹಂಪೆಯ ಮಗ್ಗುಲಿನ ಊರನ್ನು ನೆನೆಯುವವರೇ ಹೆಚ್ಚು. ನಾನು ಹೇಳುತ್ತಿರುವುದು ಕಲಬುರಗಿಯಿಂದ ಹುಮನಾಬಾದಿನ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರು ಹೋದರೆ ಸಿಗುವ ಕಮಲಾಪುರ. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಕೆಂಬಾಳೆಯ ಊರು. ಸುತ್ತಲಿನ ತಗ್ಗುಕಣಿವೆಗಳ ತೋಟಗಳಲ್ಲಿ ಬೆಳೆಯುವ ಈ ಬಾಳೆ, ಬೇರೆ ತಳಿಗಳು ಒಂದು ವರ್ಷಕ್ಕೆ ಕೊಡುವ ಫಲವನ್ನು ಕೊಡಲು ಹದಿನೆಂಟು ತಿಂಗಳಷ್ಟು ಕಾಯಿಸುತ್ತದೆ. ವೆಚ್ಚವೂ ಹೆಚ್ಚು, ಬೆಲೆಯೂ ಹೆಚ್ಚು. ಆದ್ದರಿಂದಲೇ ಇದಕ್ಕೆ ಸಿರಿವಂತರ ಹಣ್ಣೆಂಬ ಹೆಸರು. ಸಿಪ್ಪೆಯಲ್ಲಿರುವ ಆಂಥೋಸಯನಿನ್ ಎಂಬ ವರ್ಣದ್ರವ್ಯವು ಹಸಿರು ಬೆಳಕನ್ನು ನುಂಗಿ ಕೆಂಪನ್ನು ಬಿಟ್ಟುಕೊಡುವುದರಿಂದ ಹಣ್ಣಿಗೆ ಆ ಮಾಗಿದ ಕೆಂಪುಗಂದು ಬಣ್ಣ ಬಂದಿದೆ. ಮಸೀದಿ ಮಸೂರದ ರೇಖೆಯನ್ನೂ ಕತ್ತಲನ್ನೂ ಪರೀಕ್ಷಿಸಿದರೆ, ಈ ಬಣ್ಣ ಸೆನ್ಸರನ್ನು ಪರೀಕ್ಷಿಸುತ್ತದೆ.

ಸೆನ್ಸರಿನ ಪಿಕ್ಸೆಲ್ಲಿಗೆ ಬಣ್ಣ ತಿಳಿಯದು. ಎಷ್ಟು ಬೆಳಕು ಬಿತ್ತೆಂಬುದಷ್ಟೇ ತಿಳಿಯುವುದು. ಬಣ್ಣವನ್ನು ತಿಳಿಸುವುದಕ್ಕಾಗಿ ಕೊಡಕ್ ಸಂಸ್ಥೆಯ ಬ್ರೈಸ್ ಬೇಯರನು ಪಿಕ್ಸೆಲ್ಲುಗಳ ಮೇಲೆ ಕೆಂಪು, ಹಸಿರು, ನೀಲಿ ಸೋಸುಗಗಳನ್ನು ಒಂದು ಕ್ರಮದಲ್ಲಿ ಹೊದಿಸುವ ಉಪಾಯವನ್ನು ಕಂಡುಹಿಡಿದು 1976ರಲ್ಲಿ ಹಕ್ಕುಪತ್ರ ಪಡೆದನು. ಮನುಷ್ಯನ ಕಣ್ಣು ಹಸಿರಿನ ಸುತ್ತಿನಲ್ಲಿ ಹೆಚ್ಚು ಚುರುಕಾದುದರಿಂದ ಅರ್ಧದಷ್ಟು ಪಿಕ್ಸೆಲ್ಲುಗಳನ್ನು ಹಸಿರಿಗೆ ಬಿಟ್ಟು, ಉಳಿದರ್ಧವನ್ನು ಕೆಂಪು ನೀಲಿಗಳಿಗೆ ಸಮನಾಗಿ ಹಂಚಿದನು. ಹೀಗಾಗಿ 4.5 ಕೋಟಿ ಪಿಕ್ಸೆಲ್ಲಿನ ಕ್ಯಾಮರಾ, ಕೆಂಬಾಳೆಯ ಮಟ್ಟಿಗೆ, ಸುಮಾರು 1.1 ಕೋಟಿ ಪಿಕ್ಸೆಲ್ಲಿನ ಕ್ಯಾಮರಾ. ನಡುವಿನದನ್ನೆಲ್ಲ ಗಣಕ ಊಹಿಸಿ ತುಂಬುತ್ತದೆ. ಸಾಲದೆಂಬಂತೆ ಬೆಳಕಿನ ಮಾಪಕವೂ ಹಸಿರಿಗೇ ಹೆಚ್ಚು ಬೆಲೆ ಕೊಡುವುದರಿಂದ, ಹಣ್ಣಿನ ಗೊನೆ ಚಿತ್ರದ ತುಂಬ ಬಂದಾಗ ಅದು ಈ ದೃಶ್ಯ ಮಂಕಾಗಿದೆಯೆಂದು ಭಾವಿಸಿ ಹೆಚ್ಚು ಹೊತ್ತು ಬೆಳಕನ್ನು ಬಿಡುತ್ತದೆ. ಆಗ, ಸೇರು ತುಂಬಿದ ಮೇಲೆ ಸುರಿದ ತೊಗರಿ ಅಳತೆಗೆ ಸಿಗದೆ ಹೊರಗೆ ಚೆಲ್ಲುವಂತೆ, ಕೆಂಪಿನ ಪಿಕ್ಸೆಲ್ಲು ತುಂಬಿದ ಮೇಲೆ ಬಂದ ಬೆಳಕೆಲ್ಲ ಲೆಕ್ಕಕ್ಕೆ ಬಾರದೆ ಹೋಗುವುದು. ಫಲವೇನೆಂದರೆ ಸಿಪ್ಪೆಯ ಮೇಲಿನ ನವಿರಾದ ಗೀರುಗಳೂ ಕಪ್ಪು ಚುಕ್ಕೆಗಳೂ ಮಾಯವಾಗಿ, ಹಣ್ಣು ಮೇಣದಿಂದ ಎರಕಹೊಯ್ದ ಗೊಂಬೆಯಾಗಿ ಕಾಣುವುದು. ತೋಟದ ಯಜಮಾನರಿಗೆ ಚಿತ್ರವನ್ನು ತೋರಿಸಿದಾಗ ಅವರು ಪರದೆಯನ್ನು ದಿಟ್ಟಿಸಿ, "ಇದು ನಮ್ ಹಣ್ಣಲ್ರೀ. ಇಷ್ಟು ಕೆಂಪು ಎಲ್ಲಿರ್ತದ?" ಎಂದುಬಿಟ್ಟರು. ಕೆಂಪು ಬೆಳಕಿನ ಹಂಚಿಕೆಯನ್ನಷ್ಟೇ ತೋರಿಸುವ ರೇಖಾಪಟವನ್ನು (ಹಿಸ್ಟೋಗ್ರಾಮ್) ಪರದೆಯಲ್ಲಿ ತೆರೆದಿಟ್ಟುಕೊಂಡು, ಮಾಪಕ ಹೇಳಿದುದಕ್ಕಿಂತ ಒಂದು ಸ್ಟಾಪು ಕಡಿಮೆ ಬೆಳಕು ಬಿಟ್ಟಾಗ ಗೀರುಗಳು ಹಿಂದಿರುಗಿದವು. ಬಣ್ಣ ಮಾತ್ರ ಇನ್ನೂ ಸರಿಹೋಗಲಿಲ್ಲ. ಅದಕ್ಕೆ ಕಾರಣ ಕ್ಯಾಮರಾ ಅಲ್ಲ, ಎಲೆ. ಬಾಳೆಯ ಎಲೆಯ ಮೂಲಕ ಸೋಸಿ ಬರುವ ಬೆಳಕು ಹಸಿರು. ಹಸಿರು ಬೆಳಕಿನಲ್ಲಿ ಕೆಂಪು ಹಣ್ಣು ಕಪ್ಪಡರುವುದು ಸಹಜ. ಕ್ಯಾಮರಾದ ಸ್ವಯಂಚಾಲಿತ ಬಿಳುಪಿನ ಹೊಂದಾಣಿಕೆ ಆ ಹಸಿರನ್ನು ಕಳೆಯಹೋಗಿ ನೇರಳೆಯ ಛಾಯೆಯನ್ನು ಕೂಡಿಸುತ್ತದೆ. ಗೊನೆಯ ಪಕ್ಕದಲ್ಲಿ ಬೂದುಬಣ್ಣದ ಕಾಗದವೊಂದನ್ನು ಹಿಡಿದು, ಅದನ್ನೇ ಬೂದೆಂದು ಕ್ಯಾಮರಾಕ್ಕೆ ತಿಳಿಸಿಕೊಟ್ಟ ಮೇಲೆಯೇ ಯಜಮಾನರು ಹಣ್ಣನ್ನು ತಮ್ಮದೆಂದು ಒಪ್ಪಿಕೊಂಡದ್ದು.

ಅದೇ ತೋಟದಲ್ಲಿ ಮಸೂರದ ವರ್ಣದೋಷವೂ ಹೊರಬಿತ್ತು. ಎಫ್ 1.4ಕ್ಕೆ ಪೂರ್ತಿ ತೆರೆದ ದ್ವಾರದಲ್ಲಿ, ಹತ್ತಿರದ ಹಣ್ಣಿನ ಹೊಳಪಿನ ಅಂಚಿಗೆ ನೇರಳೆಗೆಂಪು ಕುಚ್ಚು, ಹಿಂದಿನ ಎಲೆಯ ಸೀಳುಗಳಿಗೆ ಹಸಿರು ಕುಚ್ಚು. ಎಫ್ 4ಕ್ಕೆ ಕಿರಿದುಗೊಳಿಸಿದೊಡನೆ ಎರಡೂ ಕಾಣೆ. ಇನ್ನೂ ಕಿರಿದುಗೊಳಿಸಿದರೆ ಇನ್ನೂ ಒಳ್ಳೆಯದಾಗಬಹುದೆಂದು ಎಫ್ 16ಕ್ಕೆ ಹೋಗುವವರುಂಟು. ಅಲ್ಲಿ ಬೆಳಕಿನ ಅಲೆಸ್ವಭಾವವೇ ಅಡ್ಡಬರುತ್ತದೆ: ಕಿರಿದಾದ ದ್ವಾರದ ಅಂಚಿನಲ್ಲಿ ಅಲೆ ಚದುರಿ, ಚುಕ್ಕೆಯಾಗಬೇಕಾದುದು ತಟ್ಟೆಯಾಗುತ್ತದೆ. ಎಫ್ 4ರಲ್ಲಿ ಆ ತಟ್ಟೆಯ ವ್ಯಾಸ ಸುಮಾರು 5 ಮೈಕ್ರಾನು. ಎಫ್ 16ರಲ್ಲಿ 21. ಸೆನ್ಸರಿನ ಪಿಕ್ಸೆಲ್ಲು 4.4 ಮೈಕ್ರಾನಿನದಾದರೆ, ಒಂದು ಪಿಕ್ಸೆಲ್ಲಿನಲ್ಲಿ ಕೂರಬೇಕಾದ ವಿವರ ಇಪ್ಪತ್ತರ ಮೇಲೆ ಹರಡಿಹೋಗುವುದು. ಇದು ಯಾವ ಕಂಪನಿಯ ತಪ್ಪೂ ಅಲ್ಲ, ಯಾವ ಹಣದಿಂದಲೂ ಇದಕ್ಕೆ ಪರಿಹಾರವಿಲ್ಲ.

ಬೇಸಗೆಯಲ್ಲಿ ಈ ಸೀಮೆಯ ಉಷ್ಣ 40 ಡಿಗ್ರಿಯನ್ನು ಲೀಲಾಜಾಲವಾಗಿ ದಾಟುತ್ತದೆ. ಕರಿನೆಲ ಕಾದು, ಅದಕ್ಕೆ ತಾಗಿದ ಗಾಳಿ ಹಗುರಾಗಿ ಮೇಲೇಳುತ್ತದೆ. ಬಿಸಿ ಗಾಳಿಯೂ ತಣ್ಣನೆಯ ಗಾಳಿಯೂ ಬೆಳಕನ್ನು ಬೇರೆ ಬೇರೆಯಾಗಿ ಬಾಗಿಸುವುದರಿಂದ ಹೊಲದ ಮೇಲೆ ಬಿಸಿಲ್ಗುದುರೆ ಓಡುತ್ತದೆ. ಮೇಳದಲ್ಲಿ ಮುಕ್ಕಾಲಿಯ ಮೇಲೆ ಕೂಡಿಸಿದ 600 ಮಿಲಿಮೀಟರಿನ ದೂರಮಸೂರದಿಂದ ಮೈದಾನದಾಚೆಯ ಫಲಕದ ಅಕ್ಷರ ಓದಿ ಬೆರಗಾದವರು, ಅದನ್ನೇ ಮಧ್ಯಾಹ್ನ ಎರಡು ಗಂಟೆಗೆ ಕಮಲಾಪುರದ ರಸ್ತೆಯ ಬದಿಯಲ್ಲಿ ನಿಂತು ಹಕ್ಕಿಯ ಕಡೆಗೆ ತಿರುಗಿಸಿದರೆ ಮಸೂರ ಕೆಟ್ಟಿದೆಯೆಂದೇ ತಿಳಿಯುವರು. 500 ಮೀಟರು ದೂರದಲ್ಲಿ ಆ ಮಸೂರದ ಒಂದು ಪಿಕ್ಸೆಲ್ಲು ಕಾಣುವ ಅಗಲ 4 ಮಿಲಿಮೀಟರಿಗೂ ಕಡಿಮೆ. ಕುದಿಯುವ ಗಾಳಿ ಕಿರಣವನ್ನು ಅದಕ್ಕಿಂತ ಎಷ್ಟೋ ಹೆಚ್ಚಾಗಿ ಅತ್ತಿತ್ತ ಎಳೆದಾಡುತ್ತದೆ. ಹತ್ತಿರ ಹೋಗಬೇಕು, ಇಲ್ಲವೆ ಸೂರ್ಯ ಏರುವ ಮುನ್ನ ಹೋಗಬೇಕು.

ಮೇಳಕ್ಕೆ ಹೋಗಬಾರದೆಂದು ನಾನು ಹೇಳುತ್ತಿಲ್ಲ. ಕೈಗೆ ಕ್ಯಾಮರಾದ ಹಿಡಿ ಒಪ್ಪುವುದೋ, ಗುಂಡಿಗಳು ಹೆಬ್ಬೆರಳಿಗೆ ಎಟಕುವುವೋ, ತೂಕ ತಾಳಿ ಕಟ್ಟುವ ಹೊತ್ತಿನವರೆಗೂ ತೋಳಿಗೆ ಸಹ್ಯವಾದೀತೋ ಎಂಬ ಪ್ರಶ್ನೆಗಳಿಗೆ ಎತ್ತಿ ಹಿಡಿದು ನೋಡದ ಹೊರತು ಉತ್ತರ ಸಿಗದು. ಸ್ವಂತ ಮೆಮೊರಿ ಕಾರ್ಡನ್ನು ಒಯ್ದು, ಅನುಮತಿ ಕೇಳಿ, ಕಚ್ಚಾ ಕಡತಗಳನ್ನು ಮನೆಗೆ ತರುವುದು ಲೇಸು. ರೂಪದರ್ಶಿಯನ್ನು ಬಿಟ್ಟು ಡೇರೆಯ ಮೇಲ್ಛಾವಣಿಯ ಕಬ್ಬಿಣದ ತೊಲೆಗಳನ್ನೂ, ದೀಪ ನೇರವಾಗಿ ಕಣ್ಣಿಗೆ ಬೀಳುವ ಮೂಲೆಯನ್ನೂ, ಬಾಗಿಲ ಹೊರಗಿನ ಬಿಸಿಲು ಒಳಗಿನ ನೆರಳು ಎರಡೂ ಕೂಡುವ ಜಾಗವನ್ನೂ ತೆಗೆಯುವುದು ಇನ್ನೂ ಲೇಸು. ನನ್ನ ಗೆಳೆಯರು ಹೀಗೆ ಮಾಡುವುದನ್ನು ಕಂಡು ಮಳಿಗೆಯ ಹುಡುಗ, "ಸರ್, ಮಾಡೆಲ್ ಈ ಕಡೆ ಇದಾರೆ" ಎಂದು ವಿನಯದಿಂದ ತಿದ್ದಿದ್ದನು.

ಒಂದು ಸಂಗತಿ ಉಳಿಯಿತು. ಮೇಳದಲ್ಲಿ ಪರೀಕ್ಷಿಸಿದ ಮಸೂರವೇ ಬೇರೆ, ಪೆಟ್ಟಿಗೆಯಲ್ಲಿ ನಮ್ಮ ಮನೆಗೆ ಬರುವ ಮಸೂರವೇ ಬೇರೆ. ಹದಿನಾರು ಗಾಜುಗಳನ್ನು ಒಂದೇ ಅಕ್ಷದ ಮೇಲೆ ಕೂಡಿಸುವಾಗ ಒಂದು ಗಾಜು ಕೂದಲೆಳೆಯ ಒಂದು ಪಾಲಷ್ಟು ಓರೆಯಾದರೂ ಚಿತ್ರದ ಒಂದು ಮಗ್ಗುಲು ಮಸುಕಾಗುವುದು. ಸಾಗಣೆಯ ಲಾರಿಯ ಕುಲುಕಾಟದಲ್ಲಿಯೂ ಹೀಗಾಗಬಹುದು. ಇದನ್ನು ಕಂಡುಕೊಳ್ಳುವುದಕ್ಕೆ ಕಲಬುರಗಿಯವರು ಪರೀಕ್ಷಾಫಲಕವನ್ನು ಕೊಳ್ಳಬೇಕಾಗಿಲ್ಲ. ಶಹಾಬಾದ್ ಕಲ್ಲಿನ ಚಪ್ಪಡಿಗಳನ್ನು ಕೂಡಿಸಿದ ಗೋಡೆಯೊಂದು ಯಾವ ಓಣಿಯಲ್ಲಾದರೂ ಸಿಗುತ್ತದೆ. ಬೆಳಗಿನ ಓರೆಬಿಸಿಲಿನಲ್ಲಿ ಕಲ್ಲಿನ ಉಳಿಗುರುತೂ ಸಂದಿನ ಸಿಮೆಂಟಿನ ಮರಳೂ ಎದ್ದು ಕಾಣುವಾಗ, ಗೋಡೆಗೆ ಸಮಾಂತರವಾಗಿ ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ದ್ವಾರವನ್ನು ಪೂರ್ತಿ ತೆರೆದು ಒಂದು ಚಿತ್ರ ತೆಗೆದು, ನಾಲ್ಕು ಮೂಲೆಗಳನ್ನು ಹಿಗ್ಗಿಸಿ ಹೋಲಿಸಬೇಕು. ಬಲಗೆಳಗಿನ ಮೂಲೆಯೊಂದೇ ಮಸುಕಾಗಿದ್ದರೆ ಕೂಡಲೇ ಅಂಗಡಿಗೆ ಓಡಬೇಕಾಗಿಲ್ಲ. ಕ್ಯಾಮರಾವನ್ನು ತಲೆಕೆಳಗು ಮಾಡಿ ಅದೇ ಗೋಡೆಯನ್ನು ಮತ್ತೊಮ್ಮೆ ತೆಗೆಯಬೇಕು. ಕಡತದ ಅದೇ ಮೂಲೆ ಮತ್ತೆ ಮಸುಕಾದರೆ ಗಾಜು ಓರೆಯಾಗಿದೆ, ಬದಲಿ ಕೇಳುವುದು ನ್ಯಾಯ. ಮಸುಕು ಎದುರು ಮೂಲೆಗೆ ಜಿಗಿದರೆ ಓರೆಯಾಗಿ ನಿಂತದ್ದು ಮುಕ್ಕಾಲಿ.